ಚಾಡಿ

ಒರುರೊ ಬಸ್ ನಿಲ್ದಾಣದ ಪಾಯಿಖಾನೆಯಲ್ಲಿ
ಬಾಗಿಲಿಗೆ ಬೆನ್ನು ಕೊಟ್ಟು ನಿಂತು
ಸತುರ್ನೀನಾ ಚಿಕ್ಕಮ್ಮ ನನ್ನನ್ನು ಹೊಲಿದಳು.
ಹೌದು, ನನ್ನನ್ನೇ.
ಒಳಲಂಗದ ಅಂಚಿಗೆ ಹದಿನೆಂಟು ನೋಟು,
ರವಿಕೆಯ ಅಸ್ತರಿಗೆ ಹನ್ನೆರಡು,
ಉಳಿದದ್ದೆಲ್ಲ ಅವಳ ಮೈಗೆ, ಪಟ್ಟಿ ಸುತ್ತಿ.
ಹಲ್ಲಿನ ನಡುವೆ ಸೂಜಿ ಕಚ್ಚಿಕೊಂಡೇ ಪಾಠ:
"ಎಲ್ಲ ಒಂದೇ ಕಡೆ ಇಟ್ಟವಳು
ಒಂದೇ ಸಲಕ್ಕೆ ಅಳುತ್ತಾಳೆ.
ನಾನು ಕಂತಿನಲ್ಲಿ ಅಳುವವಳು."

ಕೈಚೀಲದಲ್ಲಿ ಬರೀ ಪುಡಿಗಾಸು,
ಸೂಪಿಗೆ, ಶೌಚಕ್ಕೆ,
ಚಾಕು ತೋರಿಸಿದವನ ಮುಖಕ್ಕೆ ಬಿಸಾಕಲಿಕ್ಕೆ.
ಗಟ್ಟಿಯಿದ್ದ ಚೀಲಕ್ಕೆ ತಾನೇ ತೇಪೆ ಹಾಕಿದ್ದಳು.
ಒಳಗೊಂದು ಸಂತನ ಪಟ, ಹಲ್ಲು ಮುರಿದ ಬಾಚಣಿಗೆ.
"ಕದ್ದವನಿಗೇ ಕನಿಕರ ಹುಟ್ಟಬೇಕು."

ಇಕೀಕೆ ಬಂದರಿನಲ್ಲಿ ಲಾರಿ ಟೈರು ಕೊಳ್ಳಬೇಕು.
ಏಳು ಹೆಂಗಸರ ಚೀಟಿದುಡ್ಡು, ಈ ತಿಂಗಳು ಅವಳ ಸರದಿ.
ಡಾಲರಾಗಿ ಬದಲಾದ ಮೇಲೂ ಮೂಸಿ ಹೇಳುತ್ತಿದ್ದಳು
ಯಾವುದು ಮೀನು ಹುರಿಯುವವಳದು,
ಯಾವುದು ಸೀಮೆಎಣ್ಣೆ ಮಾರುವ ಬೆನೀತಾಳದು ಎಂದು.

ಬಸ್ಸು ಹೊರಟಿತು. ಕಿಟಕಿಗೆ ಒಳಗಿಂದಲೇ ಮಂಜು ಕಟ್ಟಿತು.
ಹೊರಗೆ ಉಪ್ಪಿನ ಬಯಲು ಇದೆಯೆಂದು ಕೇಳಿದ್ದೆ, ಕಾಣಲಿಲ್ಲ.
ಗಳಿಗೆಗೊಮ್ಮೆ ನನ್ನ ಕೈ
ತಾನಾಗಿ ಎದೆಗೆ ಹೋಗುತ್ತಿತ್ತು.
ಇದೆಯೇ? ಇದೆ.
ಇದೆಯೇ? ಇದೆ.
ಚಿಕ್ಕಮ್ಮ ಮೊಣಕೈಯಿಂದ ತಿವಿದಳು:
"ಕಳ್ಳನ ಕಣ್ಣಿಗಿಂತ ನಿನ್ನ ಕೈ ಕೆಟ್ಟದ್ದು.
ಬಸ್ಸಿಗೆಲ್ಲ ಚಾಡಿ ಹೇಳ್ತಿದೆ ನೋಡು.
ಮಡಿಲಲ್ಲಿಟ್ಟುಕೊ. ಆಕಳಿಸು."
ಆಕಳಿಸಿದೆ. ಭಯ ಇಟ್ಟುಕೊಂಡು ಆಕಳಿಸುವುದು
ಮೊದಲ ಸಲಕ್ಕೇ ಹತ್ತುವ ವಿದ್ಯೆಯಲ್ಲ.

ಗಡಿಗೆ ಇನ್ನು ಒಂದು ಗಂಟೆ ಇದ್ದಾಗ
ಅವಳ ಕೈಯೇ ಎದೆಗೆ ಹೋಯಿತು.
ಈಗ ಚಾಡಿ ಹೇಳುವವರು ಯಾರು, ಎಂದು ನಗು ಬಂತು.
ಆಮೇಲೆ ತುಟಿ ನೀಲಿಯಾದದ್ದು ಕಂಡಿತು.

ಗುಂಡಿ ಕಿತ್ತೆ. ಒಂದು ರವಿಕೆ, ಇನ್ನೊಂದು,
ಅದರಡಿ ಬಿಗಿದ ಪಟ್ಟಿ, ಬಿಚ್ಚಲೊಲ್ಲದು.
ಯಾರದೋ ಚಾಕು ಬಂತು. ಕುಯ್ದೆ.
ಉಸಿರು ಒಳಗೆ ಹೋಯಿತು,
ಹಣ ಹೊರಗೆ ಸುರಿಯಿತು:
ಸೀಟಿನ ಮೇಲೆ, ಶೇಂಗಾ ಸಿಪ್ಪೆಯ ಮೇಲೆ,
ಹಿಂದೆ ಕೂತವನ ಬೂಟಿನ ಮೇಲೆ.
ಚಾಲಕ ಎಲ್ಲ ದೀಪ ಹಾಕಿದ.
ಬಸ್ಸಿಗೆ ಬಸ್ಸೇ ಎದ್ದು ನಿಂತಿತ್ತು.

ಮತ್ತೆ ಒಬ್ಬೊಬ್ಬರೇ ಕೂತರು,
ಒಬ್ಬೊಬ್ಬರೇ ಕಿಟಕಿಯ ಕಡೆ ತಿರುಗಿದರು.
ಮಂಜು ಕಟ್ಟಿ ಏನೂ ತೋರದ ಗಾಜನ್ನು
ಏನೋ ಇದೆಯೆಂಬಂತೆ ನೋಡುತ್ತ ಕುಳಿತರು.
ಕಿನೋವಾ ಮೂಟೆಯ ಮುದುಕ ತನ್ನ ಟೋಪಿ ತೆಗೆದು
ನೆಲದ ನೋಟುಗಳ ಮೇಲೆ ಬೋರಲು ಹಾಕಿದ,
ಕೋಳಿಮರಿ ಮುಚ್ಚುವ ಹಾಗೆ.
ಒಬ್ಬಳು ಚಿಕ್ಕಮ್ಮನ ಬೆನ್ನು ತಿಕ್ಕುತ್ತಲೇ ಇದ್ದಳು.
ಬೂಟಿನವನು ನಾನು ಬಗ್ಗಿ ಎತ್ತಿಕೊಳ್ಳುವ ತನಕ
ಕಾಲು ಅಲುಗಿಸಲಿಲ್ಲ.

ಗಡಿಯ ಆಸ್ಪತ್ರೆಯ ಪಾಯಿಖಾನೆಯಲ್ಲಿ
ಬಾಗಿಲಿಗೆ ಬೆನ್ನು ಕೊಟ್ಟು ಎಣಿಸಿದೆ.
ಮೂರು ಸಲ. ಒಂದೂ ಕಡಿಮೆಯಿಲ್ಲ.
ನಡುವೆ, ನಾಲ್ಕಾಗಿ ಮಡಚಿದ
ಹತ್ತು ಬೊಲಿವಿಯಾನೊದ ಒಂದು ನೋಟು ಹೆಚ್ಚಿಗೆ.
ಔಷಧಿಗೆಂದು ಯಾರೋ ತುರುಕಿದ್ದೋ,
ಮುದುಕನ ಟೋಪಿಯ ಒಳಪಟ್ಟಿಯಿಂದ ಜಾರಿದ್ದೋ.
ಬಸ್ಸು ಆಗಲೇ ಹೋಗಿತ್ತು.

ಬೆಳಿಗ್ಗೆ ಕಣ್ಣು ಬಿಟ್ಟವಳೇ ಕೇಳಿದಳು: "ಎಷ್ಟು?"
ಹೇಳಿದೆ, ಆ ಹತ್ತನ್ನೂ ಸೇರಿಸಿ.
"ಯಾರು ನೋಡಿದರು?"
"ಯಾರೂ ಇಲ್ಲ" ಎಂದೆ.
ಕೈ ಮಡಿಲಲ್ಲಿತ್ತು. ಆಕಳಿಸಿದೆ.

ಬಹಳ ಹೊತ್ತು ನನ್ನನ್ನೇ ನೋಡಿದಳು.
"ಪರವಾಗಿಲ್ಲ, ಕಲಿತೆ" ಎಂದಳು.
ಆಮೇಲೆ ಗೋಡೆಯ ಕಡೆ ಹೊರಳಿ,
"ಹತ್ತನ್ನು ಬೇರೆ ಹೊಲಿ.
ಹಿಂದಿರುಗುವಾಗ ಅದೇ ಬಸ್ಸು ಹಿಡಿಯೋಣ."